ಒಂದೇ ಲೋಕಕ್ಕೆ ಹಲವು ಕಣ್ಣು

ಸೆಕೆಂಡ್ ಲೈಫ್ ಎಂಬ ವರ್ಚುವಲ್ ಲೋಕದ ಒಂದು ಸಂತೆಬೀದಿಯಲ್ಲಿ ಮೂವರು ನಿಂತು ಮಾತಾಡುತ್ತಿದ್ದಾರೆ ಅಂದುಕೊಳ್ಳಿ. ಮೊದಲನೆಯವರ ಪರದೆಯ ಮೇಲೆ ಕಲ್ಲುಹಾಸಿಗೆ ಇಳಿಬಿಸಿಲು ಬಿದ್ದಿದೆ, ಅಂಗಡಿಗಳ ನೆರಳು ಉದ್ದಕ್ಕೆ ಚಾಚಿಕೊಂಡಿದೆ. ಎರಡನೆಯವರದು ಹಳೆಯ ಲ್ಯಾಪ್‌ಟಾಪ್. ಅಲ್ಲಿ ನೆರಳೂ ಇಲ್ಲ, ದೂರದ ಕಟ್ಟಡಗಳೂ ಇಲ್ಲ. ಗುಂಪಿನಲ್ಲಿರುವ ಅರ್ಧ ಮಂದಿ ಒಂದೇ ಬಣ್ಣ ಬಳಿದ ಆಕೃತಿಗಳಾಗಿ ಕಾಣುತ್ತಿದ್ದಾರೆ. ಮೂರನೆಯವರಿಗೆ ದೃಷ್ಟಿಯಿಲ್ಲ. ಸುತ್ತ ಯಾರಿದ್ದಾರೆ, ಎಷ್ಟು ದೂರದಲ್ಲಿದ್ದಾರೆ, ಏನು ಹೇಳಿದರು ಎಂಬುದನ್ನು ಅವರ ಕಂಪ್ಯೂಟರ್ ಓದಿ ಹೇಳುತ್ತಿದೆ. ಮೂವರೂ ಇರುವುದು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ. ಬೇರೆಯಾಗಿರುವುದು ಈ ಲೋಕವನ್ನು ನೋಡಲು ಅವರು ಬಳಸುತ್ತಿರುವ ತಂತ್ರಾಂಶ, ಅಂದರೆ ವ್ಯೂವರ್, ಮತ್ತು ಅದರ ಹೊಂದಾಣಿಕೆ ಮಾತ್ರ.

ಈ ವ್ಯೂವರ್‌ಗಳಲ್ಲಿ ಹಲವನ್ನು ಸೆಕೆಂಡ್ ಲೈಫ್ ನಡೆಸುವ ಕಂಪನಿ ಮಾಡಿದ್ದಲ್ಲ. ಹೊರಗಿನ ಹವ್ಯಾಸಿ ತಂಡಗಳು, ಕೆಲವೊಮ್ಮೆ ಒಬ್ಬರೇ ಒಬ್ಬ ವ್ಯಕ್ತಿ, ಸಂಬಳವಿಲ್ಲದೆ ಕಟ್ಟಿ ಉಚಿತವಾಗಿ ಹಂಚುತ್ತಿರುವ ತಂತ್ರಾಂಶಗಳಿವು. ಇಂಥದ್ದನ್ನು ವಿಮರ್ಶಿಸುವುದು ಹೊಸ ಮೊಬೈಲ್ ಫೋನಿನ ಗುಣಾವಗುಣ ಪಟ್ಟಿ ಮಾಡಿದ ಹಾಗಲ್ಲ. ಇನ್ನೊಬ್ಬರ ಕಣ್ಣಿನಿಂದ ಒಂದು ಲೋಕವನ್ನು ನೋಡಲು ಒಪ್ಪಿಕೊಳ್ಳುವಾಗ ಏನೇನು ಕೇಳಬೇಕು ಎಂಬುದೇ ಇಲ್ಲಿರುವ ನಿಜವಾದ ಪ್ರಶ್ನೆ. ನನ್ನ ಮಟ್ಟಿಗೆ ಆ ಪ್ರಶ್ನೆಗಳು ಮೂರು. ಇದನ್ನು ನಂಬಬಹುದೇ? ಇದು ಯಾರನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ? ಇದನ್ನು ನಾಳೆ ಯಾರು ಕಾಯುತ್ತಾರೆ? ಅಂದಚಂದದ ಮಾತು ಇವುಗಳ ನಂತರ ಬರಲಿ.

ವ್ಯೂವರ್ ಮಾಡುವ ಕೆಲಸ

ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಫಿಲಿಪ್ ರೋಸ್‌ಡೇಲ್ 1999ರಲ್ಲಿ ಸ್ಥಾಪಿಸಿದ ಲಿಂಡೆನ್ ಲ್ಯಾಬ್ ಕಂಪನಿ 2003ರ ಜೂನ್‌ನಲ್ಲಿ ಸೆಕೆಂಡ್ ಲೈಫನ್ನು ಸಾರ್ವಜನಿಕರಿಗೆ ತೆರೆಯಿತು. ಆಟದ ಹಾಗೆ ಅಲ್ಲಿ ಗೆಲುವು ಸೋಲುಗಳಿಲ್ಲ, ದಾಟಬೇಕಾದ ಹಂತಗಳಿಲ್ಲ. ಮನೆ, ಮರ, ಬಟ್ಟೆ, ಕೂದಲು, ವಾಹನ, ನೃತ್ಯದ ಚಲನೆ, ಹೀಗೆ ಕಣ್ಣಿಗೆ ಬೀಳುವ ಬಹುಪಾಲು ವಸ್ತುಗಳನ್ನು ಅಲ್ಲಿನ ನಿವಾಸಿಗಳೇ ತಯಾರಿಸುತ್ತಾರೆ, ಲಿಂಡೆನ್ ಡಾಲರ್ ಎಂಬ ಅಲ್ಲಿನ ಹಣಕ್ಕೆ ಮಾರುತ್ತಾರೆ. ಆ ಹಣವನ್ನು ಅಮೆರಿಕನ್ ಡಾಲರ್ ಆಗಿ ಬದಲಾಯಿಸಿಕೊಳ್ಳಲೂ ಬರುತ್ತದೆ.

ಈ ಒಂದು ಸಂಗತಿ ವ್ಯೂವರ್‌ನ ಕೆಲಸವನ್ನು ಬಹಳ ಕಷ್ಟದ್ದಾಗಿಸಿದೆ. ಸಾಮಾನ್ಯ ಕಂಪ್ಯೂಟರ್ ಆಟದಲ್ಲಿ ಕಂಪನಿಯ ಕಲಾವಿದರು ಪ್ರತಿಯೊಂದು ದೃಶ್ಯವನ್ನೂ ಮುಂಚೆಯೇ ತೂಗಿನೋಡಿ, ಹಗುರ ಮಾಡಿ, ನಮ್ಮ ಡಿಸ್ಕಿಗೆ ಕಳಿಸಿರುತ್ತಾರೆ. ಇಲ್ಲಿ ಹಾಗಲ್ಲ. ಲೋಕವನ್ನು 256 ಮೀಟರ್ ಉದ್ದ, 256 ಮೀಟರ್ ಅಗಲದ ತುಂಡುಗಳಾಗಿ ವಿಂಗಡಿಸಿದ್ದಾರೆ. ಒಂದೊಂದು ತುಂಡಿಗೂ ಒಂದು ಸಿಮ್ಯುಲೇಟರ್ ಎಂಬ ಸರ್ವರ್ ಪ್ರಕ್ರಿಯೆ ಉಂಟು. ಯಾವ ವಸ್ತು ಎಲ್ಲಿದೆ, ಯಾರು ಎತ್ತ ನಡೆದರು, ಯಾವ ಸ್ಕ್ರಿಪ್ಟ್ ಏನು ಮಾಡಿತು ಎಂಬ ಲೆಕ್ಕ ಅದರದ್ದು. ಆದರೆ ಅದು ಚಿತ್ರ ಬಿಡಿಸುವುದಿಲ್ಲ. ವಿವರಗಳನ್ನು ಮಾತ್ರ ಕಳಿಸುತ್ತದೆ. ಅವನ್ನು ಪಡೆದು, ಜೆಪೆಗ್ 2000 ರೂಪದಲ್ಲಿ ಬರುವ ಚಿತ್ರಗಳನ್ನು ಬಿಚ್ಚಿ, ವಸ್ತುಗಳ ಮೈಗೆ ಹೊದಿಸಿ, ಬೆಳಕು ನೆರಳು ಲೆಕ್ಕ ಹಾಕಿ, ಸೆಕೆಂಡಿಗೆ ಹತ್ತಾರು ಸಲ ಪರದೆ ತುಂಬುವುದು ನಮ್ಮ ಕಂಪ್ಯೂಟರಿನಲ್ಲಿರುವ ವ್ಯೂವರ್. ಯಾರೋ ಹವ್ಯಾಸಿ ಮಾಡಿದ ಒಂದು ನೆಕ್ಲೇಸು ಇಡೀ ಮನೆಗಿಂತ ಭಾರವಾಗಿದ್ದರೂ ಅದು ಸುಧಾರಿಸಿಕೊಂಡು ಹೋಗಬೇಕು.

2007ರ ಜನವರಿ 8ರಂದು ಲಿಂಡೆನ್ ಲ್ಯಾಬ್ ಈ ವ್ಯೂವರ್‌ನ ಸೋರ್ಸ್ ಕೋಡನ್ನು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ ಬಿಡುಗಡೆ ಮಾಡಿತು. ಸರ್ವರ್ ತನ್ನ ಕೈಯಲ್ಲೇ ಉಳಿಸಿಕೊಂಡು, ನೋಡುವ ಸಾಧನವನ್ನು ಜನರ ಕೈಗೆ ಕೊಟ್ಟಿತು. 2010ರಲ್ಲಿ ಪರವಾನಗಿ ಎಲ್‌ಜಿಪಿಎಲ್‌ಗೆ ಬದಲಾಯಿತು. ಈ ಲೋಕ ಇಪ್ಪತ್ತು ವರ್ಷ ದಾಟಿಯೂ ಜೀವಂತವಾಗಿರಲು ಇದ್ದ ಕಾರಣಗಳಲ್ಲಿ ಈ ತೀರ್ಮಾನವೂ ಒಂದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಅದಕ್ಕೆ ಪುರಾವೆ 2010ರಲ್ಲೇ ಸಿಕ್ಕಿತು. ಆ ವರ್ಷ ಫೆಬ್ರುವರಿಯಲ್ಲಿ ಕಂಪನಿ ವ್ಯೂವರ್ 2 ಎಂಬ ಹೊಸ ರೂಪವನ್ನು ತಂದಿತು. ವೆಬ್ ಬ್ರೌಸರ್ ಹೋಲುವ ವಿನ್ಯಾಸ, ಪಕ್ಕದಿಂದ ಚಾಚಿಕೊಳ್ಳುವ ಪಟ್ಟಿ; ಹೊಸಬರಿಗೆ ಸುಲಭವಾಗಲಿ ಎಂಬುದು ಉದ್ದೇಶ. ವರ್ಷಗಟ್ಟಲೆ ಅಲ್ಲೇ ಮನೆ ಕಟ್ಟಿ, ಅಂಗಡಿ ಇಟ್ಟು ಬಾಳಿದ ಹಳಬರಿಗೆ ಅದು ಹಿಡಿಸಲಿಲ್ಲ. ಬೇರೆ ತಂತ್ರಾಂಶವಾಗಿದ್ದರೆ ಅವರು ಒಂದೋ ಒಗ್ಗಿಕೊಳ್ಳಬೇಕಿತ್ತು, ಇಲ್ಲವೇ ಬಿಟ್ಟು ಹೊರಡಬೇಕಿತ್ತು. ಇಲ್ಲಿ ಮೂರನೆಯ ದಾರಿಯೊಂದಿತ್ತು. ಹಳೆಯ ವಿನ್ಯಾಸವನ್ನು ಉಳಿಸಿಕೊಂಡ ಹೊರಗಿನ ವ್ಯೂವರ್‌ಗಳಿಗೆ ಅವರು ಸರಿದುಕೊಂಡರು, ಲೋಕದಲ್ಲೇ ಉಳಿದರು.

ಮೊದಲ ಪ್ರಶ್ನೆ: ನಂಬಬಹುದೇ?

ವ್ಯೂವರ್‌ಗೆ ನಮ್ಮ ಹೆಸರು, ಪಾಸ್‌ವರ್ಡ್ ಎರಡನ್ನೂ ಕೊಡುತ್ತೇವೆ. ಒಳಗೆ ಹೋದ ಮೇಲೆ ನಮ್ಮ ಪರವಾಗಿ ಹಣ ಕೊಡುವ, ವಸ್ತು ದಾನ ಮಾಡುವ, ಮಾತಾಡುವ ಎಲ್ಲ ಅಧಿಕಾರವೂ ಅದರದ್ದೇ. ಎರಡು ಹಂತದ ದೃಢೀಕರಣ ಬಂದಿರುವುದು ಒಳ್ಳೆಯದು, ಪಾಸ್‌ವರ್ಡ್ ಕದ್ದವರನ್ನು ಅದು ತಡೆಯುತ್ತದೆ. ಆದರೆ ತಂತ್ರಾಂಶವೇ ಕೆಟ್ಟದ್ದಾಗಿದ್ದರೆ, ನಾವೇ ಲಾಗಿನ್ ಆಗಿ ಅದರ ಕೈಗೆ ಎಲ್ಲವನ್ನೂ ಒಪ್ಪಿಸಿದ ಮೇಲೆ, ಅದರಿಂದ ಏನೂ ಪ್ರಯೋಜನವಿಲ್ಲ. ಮನೆಯ ಬೀಗದ ಕೈಯನ್ನು ಕೆಲಸದವರಿಗೆ ಕೊಟ್ಟು ಊರಿಗೆ ಹೋದ ಹಾಗೆ, ಇಲ್ಲಿ ಕಾಪಾಡುವುದು ಬೀಗವಲ್ಲ, ಆ ಮನುಷ್ಯ.

ಎಮರಾಲ್ಡ್ ವ್ಯೂವರ್‌ನ ಕಥೆಯನ್ನು ಈ ಕಾರಣಕ್ಕೆ ಪ್ರತಿಯೊಬ್ಬ ವಿಮರ್ಶಕನೂ ನೆನಪಿಡಬೇಕು. 2010ರಲ್ಲಿ ಹೊರಗಿನ ವ್ಯೂವರ್‌ಗಳ ಪೈಕಿ ಅದರಷ್ಟು ಜನಪ್ರಿಯವಾದದ್ದು ಬೇರೊಂದಿರಲಿಲ್ಲ. ಸೌಲಭ್ಯಗಳ ಪಟ್ಟಿ ನೋಡಿ ಅಂಕ ಕೊಟ್ಟಿದ್ದರೆ ಅದಕ್ಕೇ ಮೊದಲ ಸ್ಥಾನ. ಆ ಆಗಸ್ಟ್‌ನಲ್ಲಿ ಅದರ ಲಾಗಿನ್ ಪುಟದ ಒಳಗೆ ಅಡಗಿಸಿಟ್ಟ ಕೋಡ್ ಒಂದು ಪತ್ತೆಯಾಯಿತು. ಯಾರಾದರೂ ವ್ಯೂವರ್ ತೆರೆದರೆ ಸಾಕು, ಅವರಿಗೆ ತಿಳಿಯದಂತೆ ಅವರ ಕಂಪ್ಯೂಟರ್ ತಂಡದ ಟೀಕಾಕಾರರೊಬ್ಬರ ಜಾಲತಾಣಕ್ಕೆ ಮತ್ತೆ ಮತ್ತೆ ಕೋರಿಕೆ ಕಳಿಸುತ್ತಿತ್ತು. ಸಾವಿರಾರು ಅಮಾಯಕ ಬಳಕೆದಾರರನ್ನು ಒಬ್ಬರ ಮೇಲಿನ ಸೇಡಿಗೆ ಆಯುಧ ಮಾಡಿಕೊಂಡಂತಾಯಿತು. ಚಿತ್ರಗಳನ್ನು ಬಿಚ್ಚಲು ಆ ತಂಡ ಬಳಸುತ್ತಿದ್ದ, ಸೋರ್ಸ್ ಕೋಡ್ ಬಹಿರಂಗಪಡಿಸದ ಒಂದು ಘಟಕದ ಬಗ್ಗೆಯೂ ಅದೇ ದಿನಗಳಲ್ಲಿ ಪ್ರಶ್ನೆಗಳೆದ್ದವು. ಲಿಂಡೆನ್ ಲ್ಯಾಬ್ ಎಮರಾಲ್ಡನ್ನು ತನ್ನ ಪಟ್ಟಿಯಿಂದ ತೆಗೆಯಿತು, ಸೆಪ್ಟೆಂಬರ್‌ನಲ್ಲಿ ಅದಕ್ಕೆ ಪ್ರವೇಶವನ್ನೇ ಮುಚ್ಚಿತು.

ಆ ಅವಶೇಷದಿಂದ ಎದ್ದವರ ಕಥೆ ಇನ್ನೂ ದೊಡ್ಡದು. ಎಮರಾಲ್ಡ್ ತಂಡದಿಂದ ಹೊರಬಂದ ಕೆಲವರು ಫೀನಿಕ್ಸ್ ಎಂಬ ವ್ಯೂವರ್ ಕಟ್ಟಿದರು. ಅದು ಹಳೆಯ ಕೋಡಿನ ಮೇಲೆ ನಿಂತದ್ದು. ಮುಂದೆ ಹೊಸ ಕೋಡಿನ ಮೇಲೆ ಫೈರ್‌ಸ್ಟಾರ್ಮ್ ತಂದರು. ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ ನೋಂದಾಯಿಸಿಕೊಂಡರು, ಕೋಡನ್ನು ತೆರೆದಿಟ್ಟರು, ಬಳಕೆದಾರರಿಗೆ ಆ ಲೋಕದೊಳಗೇ ತರಗತಿ ನಡೆಸಿದರು, ಸಹಾಯಕ್ಕೆ ಸ್ವಯಂಸೇವಕರನ್ನು ನಿಲ್ಲಿಸಿದರು. ಕಳೆದುಕೊಂಡ ವಿಶ್ವಾಸವನ್ನು ವರ್ಷಗಟ್ಟಲೆ ದುಡಿದು ಮರಳಿ ಗಳಿಸಿದರು. ಇಂದು ಸೆಕೆಂಡ್ ಲೈಫ್ ನಿವಾಸಿಗಳು ಅತಿ ಹೆಚ್ಚು ಬಳಸುವ ಹೊರಗಿನ ವ್ಯೂವರ್ ಫೈರ್‌ಸ್ಟಾರ್ಮ್.

ಹಾಗಾಗಿ ವಿಮರ್ಶೆಯ ಮೊದಲ ಭಾಗದಲ್ಲಿ ಬರಬೇಕಾದದ್ದು ಚಿತ್ರದ ಗುಣಮಟ್ಟವಲ್ಲ. ಸೋರ್ಸ್ ಕೋಡ್ ಎಲ್ಲಿದೆ, ಅದು ಹಂಚಿರುವ ಆವೃತ್ತಿಯದ್ದೇ ಹೌದೇ, ಮುಚ್ಚಿಟ್ಟ ಘಟಕಗಳು ಯಾವುವು, ಏಕೆ ಮುಚ್ಚಿಟ್ಟಿದ್ದಾರೆ, ಲಾಗಿನ್ ಪುಟ ಯಾವ ಸರ್ವರ್‌ನಿಂದ ಬರುತ್ತದೆ, ತಂಡದಲ್ಲಿ ಯಾರಿದ್ದಾರೆ, ದೋಷ ಕಂಡಾಗ ಅದನ್ನು ಬಹಿರಂಗವಾಗಿ ಒಪ್ಪಿಕೊಂಡ ಇತಿಹಾಸವಿದೆಯೇ ಎಂಬುದನ್ನು ಮೊದಲು ಬರೆಯಬೇಕು. ಲಿಂಡೆನ್ ಲ್ಯಾಬ್ 2010ರಲ್ಲಿ ಹೊರಗಿನ ವ್ಯೂವರ್‌ಗಳಿಗೆ ನಿಯಮಾವಳಿಯನ್ನೂ ಅವುಗಳದೊಂದು ಪಟ್ಟಿಯನ್ನೂ ತಂದಿತು. ಆ ಪಟ್ಟಿಯಲ್ಲಿ ಹೆಸರಿದ್ದರೆ ಕಂಪನಿ ಪರೀಕ್ಷಿಸಿ ಮುದ್ರೆ ಒತ್ತಿದೆ ಎಂದು ಹಲವರು ತಿಳಿಯುತ್ತಾರೆ. ಅದು ತಪ್ಪು. ನಿಯಮ ಪಾಲಿಸುತ್ತೇವೆ ಎಂದು ತಂಡಗಳು ತಾವೇ ಕೊಟ್ಟುಕೊಳ್ಳುವ ದೃಢೀಕರಣ ಅದು. ಎಮರಾಲ್ಡ್ ಕೂಡ ಆ ಪಟ್ಟಿಯಲ್ಲಿತ್ತು. ಓದುಗರಿಗೆ ಇದನ್ನು ಸ್ಪಷ್ಟವಾಗಿ ಹೇಳುವುದು ವಿಮರ್ಶಕನ ಕರ್ತವ್ಯ.

ನಂಬಿಕೆಗೆ ಇನ್ನೊಂದು ಮುಖವೂ ಇದೆ. 2006ರ ನವೆಂಬರ್‌ನಲ್ಲಿ ಕಾಪಿಬಾಟ್ ಎಂಬ ಸಾಧನ ಹರಡಿದಾಗ ಇತರರು ಮಾಡಿ ಮಾರುತ್ತಿದ್ದ ವಸ್ತುಗಳನ್ನು ನಕಲು ಮಾಡಬಹುದೆಂದು ತಿಳಿದು ಅಲ್ಲಿನ ಅಂಗಡಿಕಾರರು ಕಂಗಾಲಾದರು. ಪ್ರತಿಭಟನೆಗಾಗಿ ಅಂಗಡಿ ಮುಚ್ಚಿದವರೂ ಇದ್ದರು. ಪರದೆಯ ಮೇಲೆ ತೋರಿಸಲೆಂದು ಯಾವ ವಿವರವನ್ನು ವ್ಯೂವರ್‌ಗೆ ಕಳಿಸಲೇಬೇಕೋ ಅದನ್ನು ಕೆಟ್ಟ ವ್ಯೂವರ್ ಕದ್ದಿಟ್ಟುಕೊಳ್ಳಲು ಸಾಧ್ಯ. ಅದಕ್ಕೇ ನಿಯಮಾವಳಿಯು ರಫ್ತು ಸೌಲಭ್ಯಕ್ಕೆ ಮಿತಿ ಹಾಕಿದೆ. ಒಳ್ಳೆಯ ವ್ಯೂವರ್ ಒಂದು ವಸ್ತುವನ್ನು ಹೊರಗೆ ಉಳಿಸಿಕೊಳ್ಳಲು ಬಿಡುವ ಮುನ್ನ ಅದರ ಭಾಗಗಳನ್ನು ಯಾರು ಮಾಡಿದ್ದಾರೆಂದು ಪರಿಶೀಲಿಸುತ್ತದೆ. ಈ ಕಟ್ಟುನಿಟ್ಟನ್ನು ಕೊರತೆಯೆಂದು ಬರೆಯುವ ವಿಮರ್ಶೆಗಳನ್ನು ನೋಡಿದಾಗ ಬೇಸರವಾಗುತ್ತದೆ. ಮಾಡಿದವರ ದುಡಿಮೆಯನ್ನು ಕಾಯುವುದು ವ್ಯೂವರ್‌ನ ಗುಣ.

ವೇಗ ಅಳೆಯುವ ಬಗೆ

ಎರಡನೆಯ ಪ್ರಶ್ನೆಗೆ ಹೋಗುವ ಮುನ್ನ ವೇಗದ ಬಗ್ಗೆ ಒಂದು ಮಾತು. 'ಈ ವ್ಯೂವರ್ ಬಹಳ ಸ್ಪೀಡು' ಎಂಬ ಮಾತಿಗೆ ಅಳತೆಯ ಬೆಂಬಲವಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ನಿಧಾನ ಎನ್ನುವುದರಲ್ಲಿ ಮೂರು ಬಗೆಯಿದೆ, ಮೂರಕ್ಕೂ ಕಾರಣ ಬೇರೆ. ಕಂಟ್ರೋಲ್, ಶಿಫ್ಟ್, 1 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಂಕಿಅಂಶಗಳ ಪಟ್ಟಿ ತೆರೆದುಕೊಳ್ಳುತ್ತದೆ. ಅಲ್ಲಿ ಸೆಕೆಂಡಿಗೆ ಎಷ್ಟು ಚೌಕಟ್ಟು ಚಿತ್ರಿಸುತ್ತಿದೆ ಎಂಬ ಎಫ್‌ಪಿಎಸ್ ಸಂಖ್ಯೆ ನಮ್ಮ ಕಂಪ್ಯೂಟರ್ ಮತ್ತು ವ್ಯೂವರ್‌ನ ಲೆಕ್ಕ. ಪಿಂಗ್, ಅಂದರೆ ಸಂದೇಶ ಸರ್ವರ್‌ಗೆ ಹೋಗಿಬರಲು ಹಿಡಿಯುವ ಸಮಯ, ಮತ್ತು ಪ್ಯಾಕೆಟ್ ನಷ್ಟ ಇಂಟರ್ನೆಟ್ ಸಂಪರ್ಕದ್ದು. ಸಿಮ್ ಎಫ್‌ಪಿಎಸ್ ಎಂಬುದು ಸರ್ವರ್‌ನದ್ದು. ಆರೋಗ್ಯವಾಗಿರುವ ಸಿಮ್ಯುಲೇಟರ್‌ನಲ್ಲಿ ಅದು 45ರ ಆಸುಪಾಸಿನಲ್ಲಿರುತ್ತದೆ. ಸರ್ವರ್ ಏದುಸಿರು ಬಿಡುತ್ತಿರುವಾಗ ವ್ಯೂವರನ್ನು ಬೈದರೆ ಅನ್ಯಾಯ.

ನಮ್ಮ ಕಡೆಯಿಂದ ಲಾಗಿನ್ ಆಗುವವರಿಗೆ ಪಿಂಗ್ ಎಷ್ಟು ಹೆಚ್ಚೆಂಬುದನ್ನು ಭೌತವಿಜ್ಞಾನವೇ ಹೇಳುತ್ತದೆ. ಸರ್ವರ್‌ಗಳು ಅಮೆರಿಕದಲ್ಲಿವೆ. ಬೆಂಗಳೂರಿನಿಂದ ಆ ದೇಶದ ಪಶ್ಚಿಮ ಕರಾವಳಿ ಸುಮಾರು 14,000 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಕೇಬಲ್ ನೇರವಾಗಿ ಎಳೆದಿದ್ದರೂ ಹೋಗಿಬರಲು 140 ಮಿಲಿಸೆಕೆಂಡ್ ಬೇಕು. ಸುತ್ತುಬಳಸಿ ಹೋಗುವ ನಿಜವಾದ ಕೇಬಲ್‌ಗಳಲ್ಲಿ ಇನ್ನೂ ಹೆಚ್ಚು. ಯಾವ ವ್ಯೂವರ್ ಹಾಕಿಕೊಂಡರೂ ಇದು ಕಡಿಮೆಯಾಗದು. ಕಡಿಮೆಯಾಗುತ್ತದೆ ಎಂದು ಹೇಳುವವರನ್ನು ನಂಬಬೇಡಿ.

ವ್ಯೂವರ್‌ಗಳನ್ನು ಹೋಲಿಸಬೇಕಾದರೆ ಉಳಿದೆಲ್ಲ ಒಂದೇ ರೀತಿ ಇರಬೇಕು. ಅದೇ ಜಾಗ, ಅದೇ ಕ್ಯಾಮೆರಾ ಕೋನ, ಅದೇ ಕಿಟಕಿಯಳತೆ, ಹಗಲಿನ ಅದೇ ಬೆಳಕು, ಸಾಧ್ಯವಾದಷ್ಟು ಅದೇ ಜನಸಂಖ್ಯೆ. ಡ್ರಾ ಡಿಸ್ಟೆನ್ಸ್, ಅಂದರೆ ಎಷ್ಟು ದೂರದವರೆಗೆ ಚಿತ್ರಿಸಬೇಕೆಂಬ ಸಂಖ್ಯೆ, ಒಂದೇ ಇರಬೇಕು. ಅದನ್ನು 128 ಮೀಟರ್‌ನಿಂದ 256ಕ್ಕೆ ಏರಿಸಿದರೆ ದೂರ ಎರಡು ಪಟ್ಟಾದರೂ ನೋಡಬೇಕಾದ ನೆಲ ನಾಲ್ಕು ಪಟ್ಟಾಗುತ್ತದೆ. ನೆರಳನ್ನು ಒಂದರಲ್ಲಿ ಹಾಕಿ ಇನ್ನೊಂದರಲ್ಲಿ ತೆಗೆದು ಹೋಲಿಸಿದರೆ ಆ ಹೋಲಿಕೆಗೆ ಅರ್ಥವಿಲ್ಲ. ಹೊಸದಾಗಿ ಹಾಕಿಕೊಂಡ ವ್ಯೂವರ್‌ನ ಕ್ಯಾಶ್, ಅಂದರೆ ಇಳಿಸಿಕೊಂಡದ್ದನ್ನು ಕೂಡಿಡುವ ಜಾಗ, ಖಾಲಿಯಿರುತ್ತದೆ. ಎಲ್ಲವನ್ನೂ ಹೊಸದಾಗಿ ಇಳಿಸಿಕೊಳ್ಳುವ ಆ ಮೊದಲ ಗಂಟೆಯನ್ನು ನೋಡಿ ತೀರ್ಪು ಕೊಡಬಾರದು. ಖಾಲಿ ಕ್ಯಾಶ್‌ನಲ್ಲಿ ಒಮ್ಮೆ, ತುಂಬಿದ ಮೇಲೆ ಇನ್ನೊಮ್ಮೆ ನೋಡಬೇಕು. ಬಯಲಿನಲ್ಲಿ 100 ಎಫ್‌ಪಿಎಸ್ ಬಂದರೆ ಅದರಿಂದ ತಿಳಿಯುವುದು ಕಡಿಮೆ. ಜನ ಕಿಕ್ಕಿರಿದ ಸಂಗೀತ ಕಛೇರಿಯಲ್ಲಿ ನಡೆಯಲು, ತಿರುಗಲು, ಮಾತು ಟೈಪಿಸಲು ಆಗುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ. ಏಕೆಂದರೆ ಅಲ್ಲಿ ಹೆಚ್ಚಿನ ಭಾರ ಬರುವುದು ಕಟ್ಟಡಗಳಿಂದಲ್ಲ, ಮೈತುಂಬ ಅಲಂಕರಿಸಿಕೊಂಡ ಅವತಾರಗಳಿಂದ, ಅಂದರೆ ಅಲ್ಲಿ ನಮ್ಮನ್ನು ಪ್ರತಿನಿಧಿಸುವ ಆಕೃತಿಗಳಿಂದ. ಅತಿ ಭಾರದ ಅವತಾರಗಳನ್ನು ಒಂದೇ ಬಣ್ಣದ ಆಕೃತಿಯಾಗಿ ತೋರಿಸಿ ಉಸಿರಾಡಲು ಅವಕಾಶ ಕೊಡುವ ಸೌಲಭ್ಯ ಬಂದದ್ದು ಇದೇ ಕಾರಣಕ್ಕೆ.

ಯಾರನ್ನು ಒಳಗೆ ಬಿಡುತ್ತದೆ?

ಈ ಎರಡನೆಯದು ನನಗೆ ಅತ್ಯಂತ ಮುಖ್ಯವೆನಿಸುವ ಪ್ರಶ್ನೆ. ವಿಮರ್ಶಕರ ಮೇಜಿನ ಮೇಲೆ ಸಾಮಾನ್ಯವಾಗಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಇರುತ್ತದೆ. ಈ ಲೋಕದಲ್ಲಿ ದಿನವೂ ಕಾಲ ಕಳೆಯುವವರಲ್ಲಿ ಅನೇಕರು ಹಾಸಿಗೆ ಹಿಡಿದವರು, ವೃದ್ಧರು, ಅಂಗವಿಕಲರು, ಕಡಿಮೆ ಆದಾಯದವರು. ಅಂಗವೈಕಲ್ಯವುಳ್ಳವರಿಗಾಗಿ ಕೆಲಸ ಮಾಡುವ ವರ್ಚುವಲ್ ಎಬಿಲಿಟಿ ಎಂಬ ಸಂಸ್ಥೆ ಅಲ್ಲಿ ಬಹಳ ವರ್ಷಗಳಿಂದ ನೆಲೆ ನಿಂತಿದೆ. ಹೊರಗೆ ಕಾಲಿಡಲಾಗದವರಿಗೆ ಗೆಳೆಯರ ಜೊತೆ ಕುಣಿಯುವ, ಪಾಠ ಹೇಳುವ, ವ್ಯಾಪಾರ ಮಾಡುವ ಜಾಗ ಅದು.

2023ರ ಕೊನೆಗೆ ಕಂಪನಿಯ ವ್ಯೂವರ್‌ನಲ್ಲೂ 2024ರಲ್ಲಿ ಫೈರ್‌ಸ್ಟಾರ್ಮ್‌ನಲ್ಲೂ ಬಂದ ಪಿಬಿಆರ್ ಎಂಬ ಚಿತ್ರಣ ವಿಧಾನವನ್ನೇ ನೋಡಿ. ಲೋಹ, ಗಾಜು, ತೇವದ ನೆಲ ಇವುಗಳ ಮೇಲೆ ಬೆಳಕು ನಿಜದಂತೆ ಪ್ರತಿಫಲಿಸುವಂತೆ ಮಾಡುವ ವಿಧಾನ ಇದು. ಕಣ್ಣಿಗೆ ಹಬ್ಬವೇ ಸರಿ. ಆದರೆ ಹಿಂದೆ ದುರ್ಬಲ ಕಂಪ್ಯೂಟರ್‌ಗಳಿಗೆ ನೆರವಾಗುತ್ತಿದ್ದ ಹಗುರ ಚಿತ್ರಣ ವಿಧಾನ ಇದರೊಂದಿಗೆ ಹೊರಟುಹೋಯಿತು. ಹಳೆಯ ಆವೃತ್ತಿಯಲ್ಲೇ ಉಳಿದರೆ ಹೊಸ ವಸ್ತುಗಳು ಸರಿಯಾಗಿ ಕಾಣುವುದಿಲ್ಲ. ಹೊಸದಕ್ಕೆ ಹೋದರೆ ಯಂತ್ರ ತೆವಳುತ್ತದೆ. ಇಂಥವರಿಗೆ ನೆರವಾಗುವ ಕೂಲ್ ವಿಎಲ್ ಎಂಬ ವ್ಯೂವರನ್ನು ಒಬ್ಬರೇ ಹೆಗಲ ಮೇಲೆ ಹೊತ್ತು ನಡೆಸುತ್ತಿದ್ದಾರೆ. 2010ಕ್ಕೂ ಹಿಂದಿನ ಹಳೆಯ ವಿನ್ಯಾಸವನ್ನು ಉಳಿಸಿಕೊಂಡೇ ಅದು ಹೊಸ ಮತ್ತು ಹಳೆಯ ಚಿತ್ರಣ ವಿಧಾನಗಳೆರಡನ್ನೂ ಇಟ್ಟುಕೊಂಡಿದೆ, ಬೇಕಾದಾಗ ಬದಲಿಸಿಕೊಳ್ಳಬಹುದು. ಹೊಳಪಿನ ವಿಮರ್ಶೆಗಳಲ್ಲಿ ಅದಕ್ಕೆ ಒಂದು ಸಾಲಿನ ಜಾಗ ಸಿಗುವುದೂ ಕಷ್ಟ. ಹಳೆಯ ಯಂತ್ರದ ಮುಂದೆ ಕುಳಿತವರಿಗೆ ಲೋಕದಲ್ಲಿ ಉಳಿಯುವ ದಾರಿಯೇ ಅದಾಗಿರಬಹುದು.

ದೃಷ್ಟಿಯಿಲ್ಲದವರ ಪ್ರಶ್ನೆ ಇನ್ನೂ ಗಂಭೀರ. ನೆವಾಡಾ ವಿಶ್ವವಿದ್ಯಾಲಯದ ರೀನೋ ಕ್ಯಾಂಪಸ್ಸಿನ ಸಂಶೋಧಕರು ಟೆಕ್ಸ್ಟ್‌ಎಸ್‌ಎಲ್ ಎಂಬ ಸಾಧನವನ್ನು ರೂಪಿಸಿದ್ದರು. ಅಕ್ಷರಗಳಲ್ಲಿ ಆದೇಶ ಕೊಟ್ಟು ನಡೆಯಬಹುದು, ಸುತ್ತಲಿರುವುದನ್ನು ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ. ಅವರು ಎದುರಿಸಿದ ದೊಡ್ಡ ತೊಡಕು ತಂತ್ರಜ್ಞಾನದ್ದಾಗಿರಲಿಲ್ಲ. ಲೋಕದ ಎಷ್ಟೋ ವಸ್ತುಗಳಿಗೆ ಮಾಡಿದವರು ಹೆಸರನ್ನೇ ಇಟ್ಟಿರಲಿಲ್ಲ. ಹೊಸ ವಸ್ತುವಿಗೆ ತಾನಾಗಿ ಬರುವ 'ಆಬ್ಜೆಕ್ಟ್' ಎಂಬ ಹೆಸರೇ ಉಳಿದಿತ್ತು. ಕಣ್ಣಿದ್ದವರಿಗೆ ಅದು ಕುರ್ಚಿ, ಕೊಳ, ದೀಪ. ಕಿವಿಯಿಂದ ನೋಡುವವರಿಗೆ ಎಲ್ಲವೂ ಆಬ್ಜೆಕ್ಟ್, ಆಬ್ಜೆಕ್ಟ್, ಆಬ್ಜೆಕ್ಟ್. ಇಂದಿಗೂ ಕಟ್ಟುವವರೆಲ್ಲ ಕಲಿಯಬೇಕಾದ ಪಾಠ ಇದು.

ಮೂರು ಆಯಾಮದ ಚಿತ್ರದ ಹಂಗಿಲ್ಲದೆ ಪಠ್ಯದ ಮೇಲೇ ನಿಂತ ರೇಡೆಗ್ಯಾಸ್ಟ್ ಎಂಬ ಹಗುರ ವ್ಯೂವರ್ ಕೂಡ ಸ್ಕ್ರೀನ್ ರೀಡರ್ ಬಳಸುವವರಿಗೆ ಆಸರೆಯಾಗಿದೆ. ದುರ್ಬಲ ಇಂಟರ್ನೆಟ್ ಇರುವವರಿಗೂ ಅದು ಒದಗಿಬರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಈ ಲೋಕವನ್ನು ಮೊದಲು ಚೆನ್ನಾಗಿ ತೋರಿಸಿದ ಲುಮಿಯಾ ಕೂಡ ಹೊರಗಿನವರ ಕೆಲಸವೇ. ಅದರ ಬೆಳವಣಿಗೆ ನಿಂತುಹೋಯಿತು, ಬಳಸುತ್ತಿದ್ದವರು ಬರಿಗೈಯಾದರು. ಲಿಂಡೆನ್ ಲ್ಯಾಬ್‌ನದೇ ಮೊಬೈಲ್ ಆ್ಯಪ್ ಬಂದದ್ದು ಅದಾಗಿ ವರ್ಷಗಳ ಮೇಲೆ.

ನನ್ನ ಕಣ್ಣು, ನಮ್ಮ ಲೋಕ

ಹೊರಗಿನ ವ್ಯೂವರ್‌ಗಳಿಗೆ ಎಷ್ಟು ಸ್ವಾತಂತ್ರ್ಯ ಇರಬೇಕು ಎಂಬ ವಾದ 2012ರ ಫೆಬ್ರುವರಿಯಲ್ಲಿ ಕಾವೇರಿತು. ಲಿಂಡೆನ್ ಲ್ಯಾಬ್ ಆಗ ನಿಯಮಾವಳಿಯನ್ನು ತಿದ್ದಿತು. ಇನ್ನೊಬ್ಬರು ಆನ್‌ಲೈನ್‌ನಲ್ಲಿದ್ದಾರೆಯೇ ಎಂಬುದನ್ನು ಅವರು ಮರೆಮಾಡಿದ್ದರೂ ಕೆದಕಿ ತೋರಿಸುವುದನ್ನು, ಯಾರು ಯಾವ ವ್ಯೂವರ್ ಬಳಸುತ್ತಿದ್ದಾರೆಂದು ಅವರ ತಲೆಯ ಮೇಲೆ ಹಣೆಪಟ್ಟಿಯಂತೆ ತೋರಿಸುವುದನ್ನು ನಿಷೇಧಿಸಿತು. ಜೊತೆಗೆ ಇನ್ನೊಂದು ಷರತ್ತು ಸೇರಿಸಿತು: ಕಂಪನಿಯ ವ್ಯೂವರ್ ಬಳಸುವವರಿಗೆ ದೊರಕದ ರೀತಿಯಲ್ಲಿ, ಎಲ್ಲರೂ ಹಂಚಿಕೊಂಡಿರುವ ಅನುಭವವನ್ನು ಬದಲಿಸುವ ಯಾವ ಸೌಲಭ್ಯವನ್ನೂ ಹೊರಗಿನ ವ್ಯೂವರ್ ಕೊಡುವಂತಿಲ್ಲ.

ಹೊಸ ಪ್ರಯೋಗಗಳ ಕತ್ತು ಹಿಸುಕಿದಂತೆ ಎಂದು ಅನೇಕರು ಸಿಟ್ಟಾದರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ನಡೆದಾಡುವಾಗ ಮೈಯ ಭಾಗಗಳು ಸಹಜವಾಗಿ ಅಲುಗುವ ಸೌಲಭ್ಯ ಮೊದಲು ಕಂಡದ್ದು ಎಮರಾಲ್ಡ್‌ನಲ್ಲಿ. 2011ರಲ್ಲಿ ಕಂಪನಿಯ ವ್ಯೂವರ್‌ಗೂ ಅಂಥದ್ದು ಬಂತು. 2013ರಲ್ಲಿ ಬಂದ, ಮೇಲ್ಮೈಗೆ ಉಬ್ಬುತಗ್ಗು ಮತ್ತು ಹೊಳಪು ಕೊಡುವ ಮೆಟೀರಿಯಲ್ಸ್ ಸೌಲಭ್ಯದ ಹಿಂದೆ ಎಕ್ಸೋಡಸ್ ವ್ಯೂವರ್‌ನ ತಂಡದವರ ಶ್ರಮವಿತ್ತು. ಹೊರಗಿನವರು ಮೊದಲು ಯೋಚಿಸದಿದ್ದರೆ ಇವೆಲ್ಲ ಇನ್ನೂ ತಡವಾಗುತ್ತಿದ್ದವು.

ಆದರೆ ಷರತ್ತಿನ ಹಿಂದಿನ ಕಾರಣವೂ ತೂಕದ್ದೇ. ಎಮರಾಲ್ಡ್‌ನಲ್ಲಿ ಅವತಾರದ ಮೈಮೇಲೆ ವಸ್ತು ಧರಿಸಲು ಹೆಚ್ಚುವರಿ ಜಾಗಗಳಿದ್ದವು. ಅದನ್ನು ಬಳಸುವವರಿಗೆ ಟೋಪಿ ತಲೆಯ ಮೇಲೇ ಕಾಣುತ್ತಿತ್ತು, ಬೇರೆ ವ್ಯೂವರ್‌ನಲ್ಲಿ ನೋಡುವವರಿಗೆ ಎಲ್ಲೆಲ್ಲೋ ತೇಲುತ್ತಿತ್ತು. ಒಂದೇ ಬೀದಿಯಲ್ಲಿ ನಿಂತವರು ಬೇರೆಬೇರೆ ಸಂಗತಿಗಳನ್ನು ಕಾಣತೊಡಗಿದರೆ ಅದು ಒಂದು ಲೋಕವಾಗಿ ಉಳಿಯುವುದಿಲ್ಲ. ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದರಲ್ಲಿ ವ್ಯತ್ಯಾಸವಿರಲಿ, ಯಾವುದು ಇದೆ ಎಂಬುದರಲ್ಲಿ ಬೇಡ. ಹೊಸ ಸೌಲಭ್ಯವನ್ನು ಕಂಡಾಗ ನಾನು ಈ ಗೆರೆಯನ್ನು ಹಿಡಿದೇ ತೂಗುತ್ತೇನೆ. ಅದು ನನ್ನ ಅನುಕೂಲಕ್ಕೆ ಮಾತ್ರ ಸಂಬಂಧಿಸಿದ್ದರೆ ಸ್ವಾಗತ. ಪಕ್ಕದವರ ಖಾಸಗಿತನಕ್ಕೋ ಅವರು ಕಾಣುವ ನೋಟಕ್ಕೋ ಕೈ ಹಾಕಿದರೆ ಅದು ಎಷ್ಟೇ ಜಾಣತನದ್ದಾದರೂ ಅಂಕ ಕಳೆಯಬೇಕು.

ಯಾರಿಗೆ ಯಾವುದು?

ಹೊಸಬರು ಕಂಪನಿಯ ವ್ಯೂವರ್‌ನಿಂದಲೇ ಶುರುಮಾಡುವುದು ಲೇಸು. ಹೊಸ ಸೌಲಭ್ಯಗಳು ಸಾಮಾನ್ಯವಾಗಿ ಅಲ್ಲಿ ಮೊದಲು ಬರುತ್ತವೆ, ಗುಂಡಿಗಳೂ ಕಡಿಮೆ. ಕಟ್ಟುವವರು, ಅಂಗಡಿ ನಡೆಸುವವರು, ಸಭೆ ಸಮಾರಂಭ ಏರ್ಪಡಿಸುವವರು ಸ್ವಲ್ಪ ದಿನದಲ್ಲೇ ಫೈರ್‌ಸ್ಟಾರ್ಮ್ ಕಡೆ ಹೊರಳುತ್ತಾರೆ. ಸುತ್ತ ಯಾರಿದ್ದಾರೆಂದು ತೋರುವ ರೇಡಾರ್, ಒಂದು ಪ್ರದೇಶದಲ್ಲಿರುವ ವಸ್ತುವನ್ನು ಹೆಸರಿನಿಂದ ಹುಡುಕುವ ಸೌಲಭ್ಯ, ನಡಿಗೆ ಭಂಗಿಗಳನ್ನು ತನ್ನೊಳಗೇ ನಿಭಾಯಿಸುವ ವ್ಯವಸ್ಥೆ, ಛಾಯಾಗ್ರಹಣದ ಉಪಕರಣಗಳು ಎಲ್ಲ ಅದರಲ್ಲಿವೆ. ಆಯ್ಕೆಗಳ ಕಾಡಿನಲ್ಲಿ ದಾರಿ ತಪ್ಪುವುದು ಅದರ ದೊಡ್ಡ ದೋಷ. ಹೊಸಬರು ಒಂದು ಆಯ್ಕೆಯನ್ನು ಬದಲಿಸಿ ಮರೆತು, ಲೋಕವೇ ಕೆಟ್ಟಿತೆಂದು ತಿಳಿಯುವುದುಂಟು. ಹಾಗಾದಾಗ ನೆರವಿಗೆ ಮನುಷ್ಯರು ಸಿಗುತ್ತಾರೆ ಎಂಬುದೇ ಅದರ ದೊಡ್ಡ ಬಲ.

ಛಾಯಾಚಿತ್ರ, ಸಿನಿಮಾ ತೆಗೆಯುವವರಿಗೆ ಬ್ಲ್ಯಾಕ್ ಡ್ರ್ಯಾಗನ್ ಇದೆ. ಅದನ್ನು ಕಟ್ಟಿದವರಿಗೆ ಸೌಂದರ್ಯದ ಬಗ್ಗೆ ಖಚಿತ ಅಭಿಪ್ರಾಯವಿದೆ, ಕ್ಯಾಮೆರಾ ಮತ್ತು ಬೆಳಕಿನ ಮೇಲೆ ಅದು ಕೊಡುವ ಹಿಡಿತದಲ್ಲಿ ಅದು ಕಾಣುತ್ತದೆ. ವಿಂಡೋಸ್ ಕಂಪ್ಯೂಟರ್ ಬೇಕು, ಗಟ್ಟಿ ಗ್ರಾಫಿಕ್ಸ್ ಕಾರ್ಡೂ ಬೇಕು. ಆಲ್ಕೆಮಿ, ಕ್ಯಾಟ್ಸ್‌ನಿಪ್‌ನಂಥ ಸಣ್ಣ ತಂಡಗಳ ವ್ಯೂವರ್‌ಗಳು ಸೌಲಭ್ಯಗಳ ರಾಶಿ ಹಾಕದೆ ಅಚ್ಚುಕಟ್ಟಾಗಿರಲು ನೋಡುತ್ತವೆ.

ಇನ್ನು ಮೂರನೆಯ ಪ್ರಶ್ನೆ. ಮೆಚ್ಚಿದ ವ್ಯೂವರ್ ನಾಳೆಯೂ ಇರುತ್ತದೆಯೇ ಎಂಬುದನ್ನು ಕೇಳಲೇಬೇಕು. 2013ರಲ್ಲಿ ಅವತಾರದ ಬಟ್ಟೆಬರೆಯನ್ನು ಮೈಗೆ ಬೆಸೆಯುವ ಕೆಲಸ ಸರ್ವರ್‌ಗೆ ಹೋದಾಗ, ಹೊಸದಕ್ಕೆ ಹೊಂದಿಕೊಳ್ಳದ ಹಳೆಯ ವ್ಯೂವರ್‌ಗಳಲ್ಲಿ ಜನರೆಲ್ಲ ಬೂದುಬಣ್ಣದವರಾಗಿ ಉಳಿದರು. ಇಂಥ ಒಂದೊಂದು ಬದಲಾವಣೆಯೂ ಹವ್ಯಾಸಿ ತಂಡಕ್ಕೆ ತಿಂಗಳುಗಟ್ಟಲೆ ದುಡಿಮೆ. ಹಳೆಯ ವಿನ್ಯಾಸವನ್ನು ಪ್ರೀತಿಸುತ್ತಿದ್ದವರ ಅಚ್ಚುಮೆಚ್ಚಿನ ಸಿಂಗ್ಯುಲಾರಿಟಿ ಹಿಂದೆ ಬಿದ್ದದ್ದು ಕೆಟ್ಟ ತಂತ್ರಾಂಶ ಎಂದಲ್ಲ, ಓಟದ ಜೊತೆ ಓಡಲು ಕೈಗಳು ಸಾಲದೆ. ಇತ್ತೀಚಿನ ಆವೃತ್ತಿ ಯಾವಾಗ ಬಂತು, ಕೋಡಿಗೆ ಎಷ್ಟು ಜನ ಕೈ ಹಾಕುತ್ತಿದ್ದಾರೆ, ಒಬ್ಬರೇ ಆಗಿದ್ದರೆ ಅವರು ಕಾಯಿಲೆ ಬಿದ್ದಾಗ ಗತಿಯೇನು ಎಂಬುದನ್ನು ವಿಮರ್ಶೆ ತಿಳಿಸಬೇಕು. ತಿಳಿಸುವಾಗ ಕೃತಜ್ಞತೆಯ ದನಿ ಇರಬೇಕು. ಸಂಬಳ ಪಡೆಯದವರನ್ನು ಸಂಬಳದವರಂತೆ ಗದರಿಸುವುದು ವಿಮರ್ಶೆಯಲ್ಲ.

ಕನ್ನಡ ಕಾಣುತ್ತದೆಯೇ?

ಕನ್ನಡಿಗ ವಿಮರ್ಶಕ ಮಾಡಲೇಬೇಕಾದ ಪರೀಕ್ಷೆಯೊಂದಿದೆ. ಚಾಟ್ ಪೆಟ್ಟಿಗೆಯಲ್ಲಿ 'ಕ್ಷೇಮವೇ?' ಎಂದೋ 'ಸ್ತ್ರೀ' ಎಂದೋ ಬರೆದು ನೋಡುವುದು. ಸೆಕೆಂಡ್ ಲೈಫ್ ವ್ಯೂವರ್‌ನ ಅಕ್ಷರ ಬಿಡಿಸುವ ಭಾಗ ಮೊದಲಿನಿಂದಲೂ ಒಂದೊಂದು ಯೂನಿಕೋಡ್ ಸಂಕೇತಕ್ಕೂ ಒಂದೊಂದು ಚಿತ್ರವನ್ನು ಸಾಲಾಗಿ ಇಡುವ ಕ್ರಮದಲ್ಲಿ ಬರೆದದ್ದು. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ವ್ಯಂಜನ, ಒತ್ತು, ಸ್ವರಚಿಹ್ನೆಗಳು ಕೂಡಿಕೊಂಡು ಒಂದು ಅಕ್ಷರವಾಗಬೇಕು. ಆ ಕೂಡಿಸುವ ಕೆಲಸವನ್ನು ಬೇರೆ ತಂತ್ರಾಂಶ ಮಾಡಬೇಕು. ಅದಿಲ್ಲದ ಕಡೆ ಒತ್ತಕ್ಷರ ಒಡೆದು, ಅರ್ಧಾಕ್ಷರದ ಚಿಹ್ನೆ ಪಕ್ಕಕ್ಕೆ ಬಿದ್ದು, ಓದಲು ತಿಣುಕಾಡಬೇಕು. ಅಂಥಲ್ಲಿ ಕನ್ನಡಿಗರಿಬ್ಬರು ಎದುರಾದರೂ ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆದುಕೊಳ್ಳಬೇಕಾಗುತ್ತದೆ.

ಇದಕ್ಕೆ ಮದ್ದಿಲ್ಲವೆಂದಲ್ಲ. ಅಕ್ಷರ ಕೂಡಿಸುವ ಹಾರ್ಫ್‌ಬಝ್ ಎಂಬ ತಂತ್ರಾಂಶ ಘಟಕ ಮುಕ್ತವಾದದ್ದು; ಫೈರ್‌ಫಾಕ್ಸ್, ಆಂಡ್ರಾಯ್ಡ್‌ಗಳಲ್ಲಿ ಕನ್ನಡ ಸರಿಯಾಗಿ ಕಾಣುವುದರ ಹಿಂದೆ ಅದೇ ಇದೆ. ಲೋಹಿತ್ ಕನ್ನಡದಂಥ ಮುಕ್ತ ಫಾಂಟ್‌ಗಳಿವೆ. ವ್ಯೂವರ್‌ನ ಕೋಡ್ ತೆರೆದ ಪುಸ್ತಕ. ಕನ್ನಡದ ಜೊತೆಗೆ ಹಿಂದಿ, ತಮಿಳು, ಬಂಗಾಳಿ, ಅರಬ್ಬಿ ಬರೆಯುವವರಿಗೂ ಇದೇ ಬವಣೆ. ಒಂದು ಸಲ ಸರಿಪಡಿಸಿದರೆ ಎಲ್ಲರಿಗೂ ದಕ್ಕುತ್ತದೆ. ಗ್ನೋಮ್, ಫೈರ್‌ಫಾಕ್ಸ್‌ಗಳನ್ನು ಕನ್ನಡಕ್ಕೆ ತಂದವರಲ್ಲಿ ಹೀಗೇ ಬಿಡುವಿನಲ್ಲಿ ಕೆಲಸ ಮಾಡಿದ ಹವ್ಯಾಸಿಗಳೂ ಇದ್ದರು. ಕಂಪ್ಯೂಟರ್ ಎಂಜಿನಿಯರುಗಳಿಗೆ ಕೊರತೆಯಿಲ್ಲದ ಬೆಂಗಳೂರಿನ ಯಾವುದೋ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿ ತಂಡಕ್ಕೆ ಇದಕ್ಕಿಂತ ಉಪಯುಕ್ತ ಪ್ರಾಜೆಕ್ಟ್ ಹುಡುಕಿಕೊಡುವುದು ಕಷ್ಟ.

ಕೋಡನ್ನು ಜನರಿಗೆ ಕೊಡುವುದರ ಅರ್ಥ ಇದೇ. ಕಂಪನಿಗೆ ತೋಚದ್ದು, ತೋಚಿದರೂ ಲಾಭವಿಲ್ಲವೆಂದು ಬದಿಗಿಟ್ಟದ್ದು, ಯಾರಿಗೆ ಅದು ಬೇಕೋ ಅವರ ಕೈಯಿಂದಲೇ ಆಗಬಹುದು. ದೃಷ್ಟಿಯಿಲ್ಲದವರಿಗೆ, ಹಳೆಯ ಲ್ಯಾಪ್‌ಟಾಪಿನವರಿಗೆ, ಹಳೆಯ ವಿನ್ಯಾಸಕ್ಕೆ ಒಗ್ಗಿದವರಿಗೆ ಆದದ್ದು ಹಾಗೆಯೇ. ಹೊಸ ಹೊಸ ಮೆಟಾವರ್ಸ್‌ಗಳ ಜಾಹೀರಾತು ಬರುತ್ತಿರುವ ಈ ಕಾಲದಲ್ಲಿ, ಹೆಚ್ಚಿನವು ತಮ್ಮ ಲೋಕವನ್ನು ತಮ್ಮದೇ ಕಣ್ಣಿನಿಂದ ಮಾತ್ರ ನೋಡಬೇಕೆಂದು ಪಟ್ಟು ಹಿಡಿಯುತ್ತವೆ. ಅವುಗಳಲ್ಲಿ ಯಾವುದನ್ನು ವಿಮರ್ಶಿಸುವಾಗಲೂ ನಾನು ಮೊದಲು ಕೇಳುವುದು, ಇಲ್ಲಿ ಬೇರೆಯವರು ವ್ಯೂವರ್ ಕಟ್ಟಬಹುದೇ ಎಂದು. ಇಲ್ಲ ಎಂಬ ಉತ್ತರ ಬಂದರೆ, ಆ ಲೋಕ ಎಷ್ಟೇ ಚೆಂದವಿದ್ದರೂ ಅದರ ಬಾಗಿಲಲ್ಲಿ ಯಾರೋ ಕೆಲವರು ಹೊರಗೇ ಉಳಿಯುತ್ತಾರೆ ಎಂದು ಓದುಗರಿಗೆ ತಿಳಿಸುವುದು ನನ್ನ ಹೊಣೆ.